ಡ್ಯಾಮೇಜ್ ಇದೆ, ಗೆಲುವಿಲ್ಲ ಎನ್ನುವವರಿಗೆ

ಟ್ಯಾಂಕುಗಳ ಆನ್‌ಲೈನ್ ಕಾಳಗದ ಆಟ ವರ್ಲ್ಡ್ ಆಫ್ ಟ್ಯಾಂಕ್ಸ್ ಆಡುವವರಿಂದ ಒಂದೇ ದೂರು ಬೇರೆ ಬೇರೆ ಮಾತುಗಳಲ್ಲಿ ಪದೇ ಪದೇ ಬರುತ್ತಿದೆ: ನಾನು ಚೆನ್ನಾಗಿ ಆಡುತ್ತೇನೆ, ತಂಡ ಕೆಡಿಸುತ್ತದೆ. ಈ ಸಲ ಹೆಚ್ಚಿನ ಜಾಗ ಅದಕ್ಕೇ. ಟಿಯರ್ (ಟ್ಯಾಂಕಿನ ದರ್ಜೆ), ಸ್ಪಾಟಿಂಗ್ (ಎದುರಾಳಿ ಟ್ಯಾಂಕನ್ನು ಪತ್ತೆಹಚ್ಚಿ ತಂಡಕ್ಕೆ ತೋರಿಸುವುದು), ಪ್ಲಟೂನ್ (ಒಟ್ಟಿಗೆ ಆಡುವ ಎರಡು-ಮೂರು ಜನರ ಗುಂಪು) ಇವನ್ನೆಲ್ಲ ಇದಕ್ಕಿಂತ ಹೆಚ್ಚು ವಿವರಿಸುವುದಿಲ್ಲ.

ಪ್ರಶ್ನೆ: 6,000 ಪಂದ್ಯ ಆಡಿದ್ದೇನೆ. ಡಬ್ಲ್ಯುಎನ್8 (ಎದುರಾಳಿಗೆ ಮಾಡಿದ ಹಾನಿ, ಅಂದರೆ ಡ್ಯಾಮೇಜ್, ಮುಖ್ಯವಾಗಿ ಹಿಡಿದು ಆಟದ ಮಟ್ಟ ಅಳೆಯುವ ಅಂಕ) 1,700 ಇದೆ, ವಿನ್ ರೇಟ್ (ಗೆದ್ದ ಪಂದ್ಯಗಳ ಶೇಕಡಾವಾರು) ಮಾತ್ರ 47% ದಾಟುತ್ತಿಲ್ಲ. ನನಗೆ ಸಿಗುವ ತಂಡಗಳೇ ಸರಿಯಿಲ್ಲ ಎಂದು ಇದರಿಂದ ತಿಳಿಯುವುದಿಲ್ಲವೇ?

ಇಲ್ಲ. ನಿಮ್ಮನ್ನು ಬಿಟ್ಟರೆ ನಿಮ್ಮ ತಂಡದಲ್ಲಿ 14 ಜನ, ಎದುರು ತಂಡದಲ್ಲಿ 15 ಜನ. ಆಟ ಬಾರದವರು ಸೇರಿಕೊಳ್ಳಲು ಆ ಕಡೆಗೇ ಒಂದು ಜಾಗ ಹೆಚ್ಚು. 100 ಪಂದ್ಯಗಳಲ್ಲಿ ಅದೃಷ್ಟ ಕೈಕೊಡಬಹುದು; ಅಷ್ಟರಲ್ಲಿ ವಿನ್ ರೇಟ್ 10 ಅಂಶ ಮೇಲೆ ಕೆಳಗೆ ಆಡುವುದು ಸಹಜ. 6,000 ಪಂದ್ಯಗಳಾದ ಮೇಲೆ ಆ ಏರಿಳಿತ ಸುಮಾರು 1.3 ಅಂಶಕ್ಕೆ ಇಳಿಯುತ್ತದೆ. ಡ್ರಾ ಆಗುವ ಪಂದ್ಯಗಳಿಂದಾಗಿ ಎಲ್ಲರ ಸರಾಸರಿಯೂ 50%ಕ್ಕಿಂತ ತುಸು ಕೆಳಗೇ ಇರುತ್ತದೆ, ನಿಜ. ಅದನ್ನು ಲೆಕ್ಕಕ್ಕೆ ಹಿಡಿದರೂ ನಿಮ್ಮ 47% ಸರಾಸರಿಗಿಂತ ಕೆಳಗೆ. ಸರಾಸರಿಗಿಂತ ಹೆಚ್ಚು ಡ್ಯಾಮೇಜ್ ಮಾಡುವವರ ಗೆಲುವು ಸರಾಸರಿಗಿಂತ ಕಡಿಮೆ ಇದೆ ಎಂದರೆ ಆ ಡ್ಯಾಮೇಜ್ ಪಂದ್ಯ ಗೆಲ್ಲಿಸುವ ಹೊತ್ತಿನಲ್ಲಿ ಆಗುತ್ತಿಲ್ಲ.

ಡಬ್ಲ್ಯುಎನ್8 ಇದನ್ನು ಹಿಡಿಯಲಾರದು. ಆ ಟ್ಯಾಂಕಿನಿಂದ ನಿರೀಕ್ಷಿಸುವಷ್ಟನ್ನೇ ಎಲ್ಲದರಲ್ಲೂ ಮಾಡುವ ಆಟಗಾರನಿಗೆ ಸೂತ್ರ ಕೊಡುವ ಅಂಕ 1,565. ಅದರಲ್ಲಿ 980 ನೇರವಾಗಿ ಡ್ಯಾಮೇಜ್‌ನದು, ಗೆಲುವಿನದು ಬರೀ 145. ಡ್ಯಾಮೇಜ್ 20% ಏರಿದರೆ ಸುಮಾರು 305 ಅಂಕ ಬರುತ್ತದೆ. ವಿನ್ ರೇಟ್ ನಿರೀಕ್ಷೆಗಿಂತ 20% ಏರಿದರೆ, ಅಂದರೆ 50 ಇದ್ದದ್ದು 60 ಆದರೆ, ಬರುವುದು ಸುಮಾರು 100. 50ರಿಂದ 60ಕ್ಕೆ ಹೋಗುವುದು ಎಷ್ಟು ಕಷ್ಟ ಎಂದು ಬಲ್ಲವರಿಗೆ ಈ ತೂಕ ಎಷ್ಟು ಓರೆ ಎಂದು ಅರ್ಥವಾಗುತ್ತದೆ. ಪಂದ್ಯದ 2ನೇ ನಿಮಿಷದ 400 ಡ್ಯಾಮೇಜ್‌ಗೂ ಎಲ್ಲ ಮುಗಿದ ಮೇಲಿನ 400ಕ್ಕೂ ಸೂತ್ರದಲ್ಲಿ ಒಂದೇ ಬೆಲೆ.

ಕಾರಣ ಹುಡುಕಲು ರಿಪ್ಲೇ (ಆಡಿದ ಪಂದ್ಯದ ದಾಖಲೆ) ಬಿಟ್ಟರೆ ಬೇರೆ ದಾರಿಯಿಲ್ಲ. ನೀವು ಹೆಚ್ಚು ಆಡುವ ಒಂದೇ ಟ್ಯಾಂಕಿನ, ಒಬ್ಬಂಟಿಯಾಗಿ ಆಡಿ ಸೋತ 20 ರಿಪ್ಲೇ ತೆಗೆದುಕೊಳ್ಳಿ. ಒಳ್ಳೆಯವನ್ನು ಆರಿಸಬೇಡಿ, ಇತ್ತೀಚಿನ 20 ಸೋಲು, ಸಾಲಾಗಿ. ಪ್ರತಿಯೊಂದರಲ್ಲೂ ಮೊದಲು ಬರೆದುಕೊಳ್ಳಬೇಕಾದ್ದು, ಎರಡು ತಂಡಗಳ ಉಳಿದ ಟ್ಯಾಂಕುಗಳ ಅಂತರ ನಾಲ್ಕಕ್ಕೆ ಮುಟ್ಟಿದ ಗಳಿಗೆ. ಅಲ್ಲಿಯವರೆಗೆ ನೀವು ಮಾಡಿದ ಡ್ಯಾಮೇಜ್ ಎಷ್ಟು, ಆಮೇಲೆ ಎಷ್ಟು? ಆ ಗಳಿಗೆಯಲ್ಲಿ ನಿಮ್ಮ ಹೆಚ್‌ಪಿ, ಅಂದರೆ ಟ್ಯಾಂಕಿನ ಜೀವಬಲ, ಎಷ್ಟು ಉಳಿದಿತ್ತು? ಇವೆರಡು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಡ್ಯಾಮೇಜ್‌ನ ಅರ್ಧಕ್ಕಿಂತ ಹೆಚ್ಚು ಆ ಗಳಿಗೆಯ ನಂತರದ್ದಾಗಿ, ಹೆಚ್‌ಪಿ ಹೆಚ್ಚುಕಡಿಮೆ ತುಂಬಿಕೊಂಡೇ ಇದ್ದರೆ ರೋಗ ಅಲ್ಲೇ ಇದೆ. ಜೊತೆಯವರು ಏಟು ತಿಂದು ಸಾಯುವಾಗ ನೀವು ಹಿಂದೆ ನಿಂತಿದ್ದೀರಿ. ಗೆದ್ದ ಹುರುಪಿನಲ್ಲಿ ಎದುರಾಳಿಗಳು ಬಯಲಿಗೆ ನುಗ್ಗಿದಾಗ ಒಬ್ಬೊಬ್ಬರಿಗೆ ಹೊಡೆದು ಅಂಕಿ ಕೂಡಿಸಿದ್ದೀರಿ. ಹೆವಿ ಟ್ಯಾಂಕ್ ಆಡುವವರಲ್ಲಿ ಇದು ಎದ್ದು ಕಾಣುತ್ತದೆ. ಹೆಚ್‌ಪಿ ಕೂಡಿಡುವ ಗಂಟಲ್ಲ, ತಂಡದ ಸ್ವತ್ತು. ಮೊದಲ ಘರ್ಷಣೆಯಲ್ಲಿ ಒಂದೆರಡು ಏಟು ನೀವು ತಿಂದರೆ, ಪಕ್ಕದ ಟ್ಯಾಂಕು ಇನ್ನೊಂದು ನಿಮಿಷ ಬದುಕಿ ಗುಂಡು ಹಾರಿಸುತ್ತಿರುತ್ತದೆ. ಹಾಗೆಂದು ಕಣ್ಣುಮುಚ್ಚಿ ನುಗ್ಗುವುದಲ್ಲ. ಎದುರಾಳಿ ಗುಂಡು ಹಾರಿಸಿ ರೀಲೋಡ್ ಮಾಡುವಾಗ ಹೊರಬನ್ನಿ, ಒಂದು ಏಟಿಗೆ ಒಂದು ಏಟಾದರೂ ವಸೂಲಾಗಲಿ.

ಇನ್ನೊಂದು ದುರಭ್ಯಾಸ ಈ ಅಂಕಿಯ ಹಂಬಲದಿಂದಲೇ ಹುಟ್ಟಿದ್ದು. ಎದುರಾಳಿಯಲ್ಲಿ ಎಷ್ಟು ಹೆಚ್‌ಪಿ ಉಳಿದಿದೆಯೋ ಅಷ್ಟೇ ಡ್ಯಾಮೇಜ್ ನಿಮ್ಮ ಲೆಕ್ಕಕ್ಕೆ ಸೇರುತ್ತದೆ. ಆದ್ದರಿಂದ 60 ಹೆಚ್‌ಪಿ ಉಳಿದವನನ್ನು ಬಿಟ್ಟು ತುಂಬಿದವನಿಗೆ ಹೊಡೆಯುತ್ತಾರೆ. 60 ಹೆಚ್‌ಪಿಯ ಟ್ಯಾಂಕಿನ ಫಿರಂಗಿಗೆ ಪೂರ್ತಿ ಹೆಚ್‌ಪಿ ಇರುವ ಟ್ಯಾಂಕಿನಷ್ಟೇ ಶಕ್ತಿ. ಅದನ್ನು ಉಳಿಸಿದರೆ ಪ್ರತಿ ರೀಲೋಡಿಗೂ ನಿಮ್ಮ ಕಡೆಗೆ ಒಂದು ಗುಂಡು ಬರುತ್ತಲೇ ಇರುತ್ತದೆ. ಒಂದೇ ಗುಂಡಿಗೆ ಸಾಯುವ ಟ್ಯಾಂಕು ಕಣ್ಣೆದುರಿಗಿದ್ದೂ ಬೇರೆಯದಕ್ಕೆ ಹೊಡೆದದ್ದು ಎಷ್ಟು ಸಲ ಎಂದು ರಿಪ್ಲೇಯಲ್ಲಿ ಎಣಿಸಿ. ಪಂದ್ಯಕ್ಕೆ ಒಂದು ಸಲವಾದರೂ ಅದು ಹೆಚ್ಚು.

ಬೇಸ್ ಕ್ಯಾಪ್ಚರನ್ನೂ, ಅಂದರೆ ಎದುರಾಳಿಯ ನೆಲೆಯಲ್ಲಿ ನಿಂತು ಅದನ್ನು ವಶಪಡಿಸಿಕೊಳ್ಳುವುದನ್ನೂ, ನೋಡಿ. 100 ಅಂಕ ತುಂಬಿದರೆ ಪಂದ್ಯ ಮುಗಿಯಿತು. ಅಲ್ಲಿ ನಿಂತ ಟ್ಯಾಂಕಿಗೆ ಹೆಚ್‌ಪಿ ಹೋಗುವಂಥ ಒಂದು ಏಟು ಬಿದ್ದರೂ ಅದು ಗಳಿಸಿದ ಅಂಕ ಅಳಿಯುತ್ತದೆ. ಮಿನಿಮ್ಯಾಪ್‌ನಲ್ಲಿ ಒಂದು ಬದಿ ಕುಸಿಯುವುದು ಕಂಡಾಗಿನಿಂದ ನೀವು ತಿರುಗಿದವರೆಗೆ ಎಷ್ಟು ಸೆಕೆಂಡ್ ಕಳೆಯಿತು ಎಂದು ಬರೆದುಕೊಳ್ಳಿ. ನಿಧಾನದ ಹೆವಿ ಟ್ಯಾಂಕಿನಲ್ಲಿ 30 ಸೆಕೆಂಡ್ ತಡವಾದರೆ ಬೇಸ್ ಉಳಿಯುವುದು ಕಷ್ಟ.

ಆಟ ಬದಲಿಸಿದ ಮೇಲೆ ಒಟ್ಟು ವಿನ್ ರೇಟ್ ನೋಡುತ್ತ ಕೂರಬೇಡಿ. ನಿಮ್ಮ 6,000 ಪಂದ್ಯಗಳಲ್ಲಿ 2,820 ಗೆಲುವು. ಮುಂದಿನ 1,000ದಲ್ಲಿ 530 ಗೆದ್ದರೂ ಒಟ್ಟು ಅಂಕಿ 47.9% ಎಂದೇ ತೋರಿಸುತ್ತದೆ. 53%ರ ಆಟಗಾರ ಆಗಿದ್ದೀರಿ ಎಂಬುದು ಅದರಲ್ಲಿ ಮುಚ್ಚಿಹೋಗುತ್ತದೆ. ಇಂದಿನ ಪಂದ್ಯ ಮತ್ತು ಗೆಲುವಿನ ಸಂಖ್ಯೆ ಬರೆದಿಟ್ಟು, 1,000 ಪಂದ್ಯಗಳ ನಂತರ ಕಳೆದು ನೋಡಿ. ಆಗಲೂ 3 ಅಂಶದ ಏರಿಳಿತ ಇರುತ್ತದೆ. 1,000ಕ್ಕೂ ಮೊದಲು ಯಾವ ತೀರ್ಮಾನಕ್ಕೂ ಬರಬೇಡಿ.

ಪ್ರಶ್ನೆ: ಸತತ 7 ಪಂದ್ಯ ಸೋತೆ. ಸರ್ವರ್ ಮೊದಲೇ ಫಲಿತಾಂಶ ನಿರ್ಧರಿಸುತ್ತದೆಯೇ?

ನಾಣ್ಯವನ್ನು 1,000 ಸಲ ಚಿಮ್ಮಿದರೂ, ಸಾಲಾಗಿ 7 ಸಲ ಹಿಂಬದಿ ಬೀಳುವುದು ಒಮ್ಮೆಯಾದರೂ ಆಗುವ ಸಾಧ್ಯತೆ 95%ಕ್ಕೂ ಹೆಚ್ಚು. ಇದನ್ನು ಒಳಸಂಚು ಎಂದು ವೀಡಿಯೊ ಮಾಡುವವರು ಆ ಸಾಲಿನ ಆಚೀಚಿನ ಗೆಲುವುಗಳನ್ನು ತೋರಿಸುವುದೇ ಇಲ್ಲ.

ಪ್ರಶ್ನೆ: 390 ಡ್ಯಾಮೇಜ್‌ನ ಗನ್ನು 300 ಮಾತ್ರ ಕೊಡುತ್ತದೆ. ಗನ್ನಿನಲ್ಲಿ ದೋಷವಿದೆಯೇ?

390 ಸರಾಸರಿ. 25% ಮೇಲೂ ಕೆಳಗೂ ಆಗುತ್ತದೆ, ಅಂದರೆ ಸುಮಾರು 293ರಿಂದ 488. ದೋಷವಿಲ್ಲ.

ಪ್ರಶ್ನೆ: ಲೈಟ್ ಟ್ಯಾಂಕ್ ಆಡುವವರು ಡಬ್ಲ್ಯುಎನ್8 ನಂಬಬಹುದೇ?

ನಂಬಬಾರದು. ಎಷ್ಟು ಟ್ಯಾಂಕು ಸ್ಪಾಟ್ ಮಾಡಿದಿರಿ ಎಂಬುದನ್ನು ಅದು ಎಣಿಸುತ್ತದೆ. ನೀವು ತೋರಿಸಿಕೊಟ್ಟ ಗುರಿಗೆ ಜೊತೆಯವರು ಮಾಡಿದ ಡ್ಯಾಮೇಜ್, ಅಂದರೆ ಅಸಿಸ್ಟ್, ಅದರಲ್ಲಿ ಇಲ್ಲವೇ ಇಲ್ಲ. ಪೊದೆಯ ಹಿಂದೆ ಕದಲದೆ ಕೂತು ಪಂದ್ಯ ಗೆಲ್ಲಿಸಿಕೊಟ್ಟವರಿಗೆ ಇದು ಅನ್ಯಾಯ. ಒಳ್ಳೆಯ ಆಟಕ್ಕೆ ಗನ್ನಿನ ಮೇಲೆ ಸಿಗುವ ಮಾರ್ಕ್‌ಗಳ ಶೇಕಡಾವಾರು ನೋಡಿ: ನಿಮ್ಮ ಡ್ಯಾಮೇಜ್‌ಗೆ ಅಸಿಸ್ಟ್ ಸೇರಿಸಿ ಅದು ಲೆಕ್ಕ ಹಾಕುತ್ತದೆ. 65, 85, 95 ಒಂದೊಂದು ಮಾರ್ಕ್ ಸಿಗುವ ಮೆಟ್ಟಿಲುಗಳು.

ಪ್ರಶ್ನೆ: ಹಣ ಕೊಟ್ಟರೆ ವಿನ್ ರೇಟ್ ಏರಿಸಿಕೊಡುತ್ತಾರಂತೆ. ಕೊಡಬಹುದೇ?

ಬೇಡ. ಪಾಸ್‌ವರ್ಡ್ ಅವರ ಕೈಗೆ, ಖಾತೆ ಬ್ಯಾನ್ ಆಗುವ ಅಪಾಯ ನಿಮ್ಮ ತಲೆಗೆ.

ಪ್ರಶ್ನೆ: ಬೇಸ್ ಎಕ್ಸ್‌ಪಿಯನ್ನು (ಪಂದ್ಯಕ್ಕೆ ಸಿಗುವ ಅನುಭವದ ಅಂಕವನ್ನು) ಅಳತೆಗೋಲು ಮಾಡಿಕೊಳ್ಳಬಹುದೇ?

ಒಂದೇ ಟ್ಯಾಂಕಿನಲ್ಲಿ, ಸೋತ ಪಂದ್ಯವನ್ನು ಸೋತ ಪಂದ್ಯಕ್ಕೇ ಹೋಲಿಸುವುದಾದರೆ ಮಾಡಿಕೊಳ್ಳಿ. ಗೆದ್ದ ತಂಡಕ್ಕೆ ಎಕ್ಸ್‌ಪಿ ಒಂದೂವರೆ ಪಟ್ಟು ಸಿಗುವುದರಿಂದ ಎರಡನ್ನೂ ಕಲೆಸಿದ ಸರಾಸರಿಯಿಂದ ಏನೂ ತಿಳಿಯದು.

ಪ್ರಶ್ನೆ: ಕ್ಲ್ಯಾನ್‌ಗೆ (ಸೇರಿ ಆಡುವವರ ಕೂಟಕ್ಕೆ) ಆಟಗಾರರನ್ನು ಆರಿಸುವಾಗ ಏನು ನೋಡಬೇಕು?

ಇತ್ತೀಚಿನ 1,000 ಪಂದ್ಯ, ಅದೂ ಟಿಯರ್ 8ರಿಂದ 10ರಲ್ಲಿ. ಕೆಳ ಟಿಯರ್‌ಗಳಲ್ಲಿ ಹೊಸಬರನ್ನು ಹೊಡೆದು ಗಳಿಸಿದ 60% ಲೆಕ್ಕಕ್ಕಿಲ್ಲ. ಪ್ಲಟೂನ್‌ನಲ್ಲಿ ಆಡಿದ್ದನ್ನು ಬೇರೆ ಎಣಿಸಿ. ಇಬ್ಬರು ಗಟ್ಟಿಗರ ಜೊತೆ ಸದಾ ಆಡುವವರ ವಿನ್ ರೇಟ್‌ನಲ್ಲಿ ಅವರ ಸ್ವಂತ ಪಾಲೆಷ್ಟು ಎಂದು ಹೇಳಲಾಗದು. ಆಮೇಲೆ ಸೋತ ಎರಡು ರಿಪ್ಲೇ ಕೇಳಿ. ಗೆದ್ದದ್ದನ್ನು ಕಳಿಸುತ್ತೇನೆ ಎಂದರೆ ಒಪ್ಪಬೇಡಿ.