ಉಮುವಾಹಿಯಾದ ಸರ್ಕಾರಿ ಕಾಲೇಜು ಮತ್ತು ಪಠ್ಯಪುಸ್ತಕ ಮುಚ್ಚಿಡುವ ಸಂಜೆಗಳು

ನೈಜೀರಿಯಾದ ಲೇಖಕರಾದ ಚಿನುವಾ ಅಚೆಬೆ, ಕ್ರಿಸ್ಟೋಫರ್ ಒಕಿಗ್ಬೊ ಮತ್ತು ಕೆನ್ ಸಾರೊ-ವಿವಾ ಒಂದೇ ಶಾಲೆಯಲ್ಲಿ ಓದಿದವರೇ, ಅಲ್ಲಿ ಪಠ್ಯಪುಸ್ತಕ ಓದುವುದನ್ನೇ ನಿಷೇಧಿಸಿದ್ದರೆಂಬುದು ನಿಜವೇ, ಆ ಶಾಲೆ ಈಗಲೂ ನಡೆಯುತ್ತಿದೆಯೇ ಎಂದು ನೀವು ಕೇಳಿದ್ದೀರಿ. ಮೂರಕ್ಕೂ ಉತ್ತರ ಹೌದು; ಎರಡನೆಯದಕ್ಕೆ ಮಾತ್ರ ಸ್ವಲ್ಪ ತಿದ್ದುಪಡಿ ಬೇಕು. ಆ ಶಾಲೆ ಆಗ್ನೇಯ ನೈಜೀರಿಯಾದ ಉಮುವಾಹಿಯಾದಲ್ಲಿರುವ ಸರ್ಕಾರಿ ಕಾಲೇಜು. ಬ್ರಿಟಿಷ್ ಪಶ್ಚಿಮ ಆಫ್ರಿಕಾದ ರೂಢಿಯಂತೆ ಹೆಸರಿನಲ್ಲಿ ಕಾಲೇಜು ಎಂದಿದ್ದರೂ ಅದು ಹುಡುಗರ ವಸತಿ ಪ್ರೌಢಶಾಲೆ. ಸ್ನಾತಕೋತ್ತರ ತರಗತಿಗಳಿಗೆ ಆಫ್ರಿಕನ್ ಸಾಹಿತ್ಯವನ್ನು ಪಾಠ ಮಾಡುತ್ತಿದ್ದಾಗ ಲೇಖಕರ ಪರಿಚಯ ಹೇಳಹೊರಟಾಗಲೆಲ್ಲ ಈ ಶಾಲೆಯ ಹೆಸರು ಎದುರಾಗುತ್ತಿತ್ತು. ಅದರ ಚರಿತ್ರೆಯನ್ನು ನಾನು ಓದತೊಡಗಿದ್ದು ಹಾಗೆ.

ಶಾಲೆ ಆರಂಭವಾದದ್ದು 1929ರಲ್ಲಿ. ಅದಕ್ಕೆ ಮೊದಲು ಗೋಲ್ಡ್ ಕೋಸ್ಟ್‌ನಲ್ಲಿ, ಅಂದರೆ ಇಂದಿನ ಘಾನಾದಲ್ಲಿ, ಶಿಕ್ಷಣದ ಕೆಲಸ ಮಾಡಿದ್ದ ಆಂಗ್ಲಿಕನ್ ಪಾದ್ರಿ ರಾಬರ್ಟ್ ಫಿಶರ್ ಅದರ ಮೊದಲ ಪ್ರಾಂಶುಪಾಲರು. ಶಿಕ್ಷಕರ ತರಬೇತಿ ಸಂಸ್ಥೆಯಾಗಿ ತೆರೆದ ಅದು ಮರುವರ್ಷವೇ ಪ್ರೌಢಶಾಲೆಯಾಯಿತು. ಆ ಪ್ರಾಂತ್ಯದಲ್ಲಿ ಅಲ್ಲಿಯವರೆಗೆ ಶಿಕ್ಷಣವೆಂದರೆ ಬಹುತೇಕ ಮಿಷನರಿಗಳ ಕೆಲಸವಾಗಿತ್ತು. ಸರ್ಕಾರ ತಾನೇ ನಡೆಸುತ್ತಿದ್ದ ಪ್ರೌಢಶಾಲೆಗಳು ಬೆರಳೆಣಿಕೆಯಷ್ಟು. ಲೇಗೋಸ್‌ನ ಕಿಂಗ್ಸ್ ಕಾಲೇಜು 1909ರದ್ದು; ಇಬಾದಾನ್‌ನ ಸರ್ಕಾರಿ ಕಾಲೇಜು ಉಮುವಾಹಿಯಾದ ಓರಗೆಯದು, ಅದೂ 1929ರದ್ದೇ. ಇಲ್ಲಿ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಅದೇ ವರ್ಷದ ನವೆಂಬರ್‌ನಲ್ಲಿ, ಶಾಲೆಗೆ ಸಮೀಪದ ಓಲೊಕೊ ಎಂಬ ಊರಿನಲ್ಲಿ, ಹೆಂಗಸರ ಮೇಲೂ ತೆರಿಗೆ ಬೀಳಲಿದೆ ಎಂಬ ಆತಂಕದಿಂದ ಮಹಿಳೆಯರ ದಂಗೆ ಎದ್ದಿತು. ಅದು ಇಡೀ ಪ್ರಾಂತ್ಯಕ್ಕೆ ಹರಡಿತು. ವಸಾಹತು ಸರ್ಕಾರದ ಗುಂಡೇಟಿಗೆ ಐವತ್ತಕ್ಕೂ ಹೆಚ್ಚು ಮಹಿಳೆಯರು ಬಲಿಯಾದರು. ಆಳುವವರು ಒಂದೇ ವರ್ಷದಲ್ಲಿ, ಒಂದೇ ಸೀಮೆಯಲ್ಲಿ ಶಾಲೆಯನ್ನೂ ಕಟ್ಟಿದರು, ಗುಂಡನ್ನೂ ಹಾರಿಸಿದರು. ಈ ಶಾಲೆಯ ಬಗ್ಗೆ ಹಳೆಯ ವಿದ್ಯಾರ್ಥಿಗಳು ಬರೆದ ಅಭಿಮಾನದ ಮಾತುಗಳನ್ನು ಓದುವಾಗ ಇವೆರಡನ್ನೂ ಒಟ್ಟಿಗೆ ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಫಿಶರ್ ಮಾದರಿಯಾಗಿ ಇಟ್ಟುಕೊಂಡದ್ದು ಇಂಗ್ಲೆಂಡಿನ ವಸತಿ ಶಾಲೆಗಳನ್ನು. ಹುಡುಗರನ್ನು ಸ್ಕೂಲ್ ಹೌಸ್, ನೈಜರ್ ಹೌಸ್, ನೈಲ್ ಹೌಸ್ ಎಂಬ ಹೌಸ್‌ಗಳಾಗಿ ವಿಂಗಡಿಸಲಾಗಿತ್ತು. ಮುಂದೆ ಫಿಶರ್ ಅವರ ಹೆಸರಿನಲ್ಲೂ ಒಂದು ಹೌಸ್ ಬಂತು. ಹಿರಿಯ ಹುಡುಗರೇ ಪ್ರಿಫೆಕ್ಟ್‌ಗಳಾಗಿ ಕಿರಿಯರ ಶಿಸ್ತನ್ನು ನೋಡಿಕೊಳ್ಳುತ್ತಿದ್ದರು, ಕ್ರಿಕೆಟ್‌ಗೆ ವಿಶೇಷ ಗೌರವವಿತ್ತು, ಶಾಲಾ ಪತ್ರಿಕೆಗಳಿದ್ದವು. ‘ಒಂದಾಗಿ ಬೆಳಗಲಿ’ ಎಂಬ ಅರ್ಥದ ಲ್ಯಾಟಿನ್ ಧ್ಯೇಯವಾಕ್ಯ ‘ಇನ್ ಉನುಮ್ ಲೂಸಿಯಾಂಟ್’ ಇಂದಿಗೂ ಹಳೆಯ ವಿದ್ಯಾರ್ಥಿಗಳ ನಾಲಿಗೆಯ ಮೇಲಿದೆ. ಇಂಗ್ಲೆಂಡಿನ ಹೆಸರಾಂತ ವಸತಿ ಶಾಲೆ ಈಟನ್‌ಗೆ ಹೋಲಿಸಿ ಈ ಶಾಲೆಯನ್ನು ‘ಪೂರ್ವದ ಈಟನ್’ ಎಂದು ಕರೆಯುತ್ತಿದ್ದುದು ಇದೆಲ್ಲದರಿಂದಾಗಿ. ಆದರೆ ಎಲ್ಲವೂ ನಕಲಾಗಿರಲಿಲ್ಲ. ಅಲ್ಲಿ ಚಿತ್ರಕಲೆ ಕಲಿಸಿದ ಕೆನೆತ್ ಮರ್ರೆ, ಹುಡುಗರು ಯುರೋಪಿನ ಚಿತ್ರಗಳನ್ನು ಅನುಕರಿಸುವ ಬದಲು ತಮ್ಮ ಊರಿನ ಕೆತ್ತನೆ ಮತ್ತು ಕರಕುಶಲ ಪರಂಪರೆಯಿಂದ ಕಲಿಯಬೇಕೆಂದು ಪಟ್ಟು ಹಿಡಿದವರು. ಮುಂದೆ ನೈಜೀರಿಯಾದ ಪ್ರಾಚ್ಯವಸ್ತುಗಳ ಸಂರಕ್ಷಣೆಗೆ ಅಡಿಪಾಯ ಹಾಕಿದವರೂ ಅವರೇ. ಆಧುನಿಕ ಆಫ್ರಿಕನ್ ಕಲೆಯ ದೊಡ್ಡ ಹೆಸರಾದ ಬೆನ್ ಎನ್ವೊನ್ವು 1930ರ ದಶಕದಲ್ಲಿ ಮರ್ರೆಯವರ ಶಿಷ್ಯರಾಗಿ ಇಲ್ಲಿ ಕಲಿತರು. ಆ ದಶಕದಲ್ಲೇ ಸೇರಿದ ಗೇಬ್ರಿಯಲ್ ಒಕಾರಾ ಮುಂದೆ ಕವಿಯಾದರು. ಎರಡನೇ ಮಹಾಯುದ್ಧ ಬಂದಾಗ ಸರ್ಕಾರ ಶಾಲೆಯ ಆವರಣವನ್ನು ಜರ್ಮನ್ ಮತ್ತು ಇಟಾಲಿಯನ್ ಪ್ರಜೆಗಳನ್ನು ಕೂಡಿಡುವ ಶಿಬಿರವನ್ನಾಗಿ ಮಾಡಿತು; ಹುಡುಗರನ್ನು ಬೇರೆ ಶಾಲೆಗಳಿಗೆ ಕಳುಹಿಸಲಾಯಿತು.

ನಿಮ್ಮ ಎರಡನೆಯ ಪ್ರಶ್ನೆಗೆ ಸಂಬಂಧಿಸಿದ್ದು ಶಾಲೆ ಮತ್ತೆ ತೆರೆದ ನಂತರದ ಕಾಲ. 1944ರಲ್ಲಿ ಅಚೆಬೆ ವಿದ್ಯಾರ್ಥಿಯಾಗಿ ಸೇರಿದರು; ಅದೇ ವರ್ಷದ ಕೊನೆಯಲ್ಲಿ ಕೇಂಬ್ರಿಜ್‌ನಲ್ಲಿ ಗಣಿತ ಓದಿದ್ದ ವಿಲಿಯಂ ಸಿಂಪ್ಸನ್ ಪ್ರಾಂಶುಪಾಲರಾದರು. ಹುಡುಗರು ಪರೀಕ್ಷೆಯ ಭಯದಿಂದ ಸದಾ ಪಠ್ಯಕ್ಕೆ ಅಂಟಿಕೊಂಡಿರುವುದನ್ನು ಕಂಡ ಅವರು ತಂದ ನಿಯಮವೇ ‘ಪಠ್ಯಪುಸ್ತಕ ಕಾಯ್ದೆ’. ವಾರದಲ್ಲಿ ಮೂರು ದಿನ ತರಗತಿಗಳು ಮುಗಿದ ಮೇಲೆ ಯಾರೂ ಪಠ್ಯಪುಸ್ತಕವನ್ನು ತೆರೆಯುವಂತಿರಲಿಲ್ಲ; ತೆರೆದವರಿಗೆ ಶಿಕ್ಷೆ. ಕಥೆ, ಕಾದಂಬರಿ, ಜೀವನಚರಿತ್ರೆ, ನಿಯತಕಾಲಿಕ ಓದಬಹುದಿತ್ತು, ಪತ್ರ ಬರೆಯಬಹುದಿತ್ತು, ಟೇಬಲ್ ಟೆನಿಸ್ ಆಡಬಹುದಿತ್ತು, ಸುಮ್ಮನೆ ಕೂರಲೂ ಅಡ್ಡಿಯಿರಲಿಲ್ಲ. ಹಾಗಾಗಿ ನಿಷೇಧವಿದ್ದದ್ದು ನಿಜ; ಆದರೆ ಅದು ಆ ಸಂಜೆಗಳಿಗಷ್ಟೇ ಸೀಮಿತ. ಗಣಿತದ ಮೇಷ್ಟ್ರೊಬ್ಬರು ಇಂಥ ನಿಯಮ ತಂದರು ಎಂಬುದು ನನಗೆ ಈಗಲೂ ಖುಷಿ ಕೊಡುವ ಸಂಗತಿ. ಆ ಶಾಲೆಯಿಂದಲೇ ಇಷ್ಟು ಲೇಖಕರು ಹೇಗೆ ಬಂದರು ಎಂಬ ಪ್ರಶ್ನೆಗೆ ಅಚೆಬೆ ಕೊಟ್ಟ ಕಾರಣಗಳಲ್ಲಿ ಈ ನಿಯಮವೂ ಒಂದು, ಶಾಲೆಯ ಒಳ್ಳೆಯ ಗ್ರಂಥಾಲಯ ಇನ್ನೊಂದು.

ಇಷ್ಟಕ್ಕೇ ನಿಲ್ಲಿಸಿದರೆ ಉತ್ತರ ಬಹಳ ಸಿಹಿಯಾಗುತ್ತದೆ. ಅದೇ ಶಾಲೆಯಲ್ಲಿ ತಾಯ್ನುಡಿಯಲ್ಲಿ ಮಾತಾಡುವುದೂ ನಿಷಿದ್ಧವಾಗಿತ್ತು. ಸಾಬೂನು ಇತ್ತ ಕೊಡು ಎಂದು ಇನ್ನೊಬ್ಬ ಹುಡುಗನನ್ನು ಇಗ್ಬೊ ಭಾಷೆಯಲ್ಲಿ ಕೇಳಿದ್ದಕ್ಕೆ ಅಚೆಬೆಗೆ ಶಿಕ್ಷೆಯಾಗಿತ್ತು. ಇಗ್ಬೊ, ಇಜಾವ್, ಇಕ್ವೆರೆ, ಎಫಿಕ್ ಹೀಗೆ ನಾನಾ ಭಾಷೆಗಳ ಮನೆಗಳಿಂದ ಬಂದ ಹುಡುಗರು ಒಂದೇ ಸೂರಿನಡಿ ಬಾಳಬೇಕಾಗಿದ್ದುದರಿಂದ ಒಂದು ಸಮಾನ ಭಾಷೆ ಬೇಕಿತ್ತು ಎಂಬುದೇನೋ ಸರಿ. ಆದರೆ ಸ್ನಾನದ ಹೊತ್ತಿಗೂ ಅದನ್ನು ಅನ್ವಯಿಸುವ ಅಗತ್ಯವೇನಿತ್ತು ಎಂದು ಕೇಳದಿರಲು ನನ್ನಿಂದಾಗದು.

ಆ ಬಿಡುವಿನ ಓದಿನಲ್ಲಿ ಅವರ ಕೈಗೆ ಸಿಕ್ಕ ಪುಸ್ತಕಗಳಾದರೂ ಎಂಥವು? ಅಮೆರಿಕದ ಗುಲಾಮಗಿರಿಯಿಂದ ಮೇಲೆದ್ದುಬಂದ ಬುಕರ್ ಟಿ. ವಾಷಿಂಗ್ಟನ್ ಅವರ ಆತ್ಮಕಥೆ ಇತ್ತು, ಡಿಕನ್ಸ್ ಇದ್ದ. ಜೊತೆಗೆ ರೈಡರ್ ಹ್ಯಾಗಾರ್ಡ್ ಮತ್ತು ಜಾನ್ ಬಕನ್ ಬರೆದ, ಆಫ್ರಿಕಾವನ್ನು ಬಿಳಿಯರ ಸಾಹಸಭೂಮಿಯಾಗಿ ಕಾಣಿಸುವ ಕಾದಂಬರಿಗಳೂ ಇದ್ದವು. ಅವುಗಳನ್ನು ಓದುವಾಗ ತಾನು ಬಿಳಿಯ ನಾಯಕನ ಪಕ್ಷ ವಹಿಸಿ ‘ಕಾಡು ಜನ’ರನ್ನು ವಿರೋಧಿಸುತ್ತಿದ್ದೆ, ಆ ಕಾಡು ಜನರಲ್ಲಿ ತಾನೂ ಒಬ್ಬನೆಂದು ಹೊಳೆದದ್ದು ಬಹಳ ತಡವಾಗಿ ಎಂದು ಅಚೆಬೆ ಹೇಳಿಕೊಂಡಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಉಮುವಾಹಿಯಾ ಲೇಖಕರನ್ನು ರೂಪಿಸಿದ್ದು ಹೀಗೆ: ಆ ನಿಯಮ ಅವರಿಗೆ ಓದುವ ಹಸಿವನ್ನೂ ಬಿಡುವನ್ನೂ ಕೊಟ್ಟಿತು, ಆ ಗ್ರಂಥಾಲಯ ಅವರಿಗೆ ಜಗಳವಾಡಲು ತಕ್ಕ ಎದುರಾಳಿಯನ್ನು ಕೊಟ್ಟಿತು. ಎರಡನೆಯದನ್ನು ಕೊಡುವ ಉದ್ದೇಶ ಶಾಲೆಗೆ ಖಂಡಿತ ಇರಲಿಲ್ಲ.

ಇನ್ನೊಂದು ಎಚ್ಚರಿಕೆಯೂ ಬೇಕು. ಕಠಿಣ ಪ್ರವೇಶ ಪರೀಕ್ಷೆಯಲ್ಲಿ ಜರಡಿ ಹಿಡಿದು ಆರಿಸಿದ ಹುಡುಗರು ಅವರು. ಯಾವ ಶಾಲೆಗೆ ಹೋಗಿದ್ದರೂ ಅವರಲ್ಲಿ ಹಲವರು ಮುಂದೆ ಬರುತ್ತಿದ್ದರೇನೋ. ಇಬಾದಾನ್‌ನ ಓರಗೆಯ ಶಾಲೆಯಲ್ಲಿ ಸಿಂಪ್ಸನ್ ಇರಲಿಲ್ಲ; ಆದರೂ ಅಲ್ಲಿಂದ ಸಿಪ್ರಿಯನ್ ಎಕ್ವೆನ್ಸಿ ಬಂದರು, ವೋಲೆ ಸೊಯಿಂಕಾ ಬಂದರು. ಆದರೂ ಒಂದೇ ಅಂಗಳದಿಂದ ಒಂದು ದಶಕದೊಳಗೆ ಅಚೆಬೆ, ಒಕಿಗ್ಬೊ, ಚುಕ್ವುಎಮೆಕಾ ಇಕೆ ಮತ್ತು ಎಲೆಚಿ ಅಮಾಡಿ ಹೊರಬಂದದ್ದನ್ನು ಪ್ರತಿಭೆಯ ಆಯ್ಕೆಯೊಂದರಿಂದಲೇ ವಿವರಿಸಲಾಗದು. ಅವರ ನಂತರ 1954ರಲ್ಲಿ ಓಗೊನಿ ಸೀಮೆಯಿಂದ ಬಂದ ಸಾರೊ-ವಿವಾ ಕೂಡ ಇಲ್ಲಿ ಶಾಲಾ ಪತ್ರಿಕೆಯ ಕೆಲಸದಲ್ಲೇ ಕೈ ಪಳಗಿಸಿಕೊಂಡವರು. 1948ರಲ್ಲಿ ಇಬಾದಾನ್‌ನಲ್ಲಿ ವಿಶ್ವವಿದ್ಯಾಲಯ ಕಾಲೇಜು ತೆರೆದಾಗ ಮೊದಲ ತಂಡದಲ್ಲೇ ಅಚೆಬೆ ವೈದ್ಯಕೀಯ ಓದಲು ಸೇರಿ, ಅಲ್ಲಿಂದ ಸಾಹಿತ್ಯದ ಕಡೆಗೆ ಹೊರಳಿದರು. ಉಮುವಾಹಿಯಾದ ಹಲವು ಗೆಳೆಯರು ಅವರ ಹಿಂದೆಯೇ ಅಲ್ಲಿಗೆ ಬಂದರು. 1962ರಲ್ಲಿ ಹೈನೆಮನ್ ಪ್ರಕಾಶನ ಆಫ್ರಿಕನ್ ಲೇಖಕರ ಮಾಲೆಯನ್ನು ಆರಂಭಿಸಿ ಅಚೆಬೆಯವರನ್ನು ಸಂಪಾದಕರನ್ನಾಗಿ ಮಾಡಿತು. ಅಮಾಡಿಯವರ ಮೊದಲ ಕಾದಂಬರಿ 1966ರಲ್ಲಿ ಬಂದದ್ದು ಆ ಮಾಲೆಯಲ್ಲೇ. 1967ರಲ್ಲಿ ಎನುಗು ನಗರದಲ್ಲಿ ಅಚೆಬೆ ಮತ್ತು ಒಕಿಗ್ಬೊ ಸೇರಿ ಒಂದು ಪ್ರಕಾಶನ ಸಂಸ್ಥೆಯನ್ನೇ ಆರಂಭಿಸಿದರು.

ಅದೇ ವರ್ಷ, ಇಗ್ಬೊ ಜನ ಬಹುಸಂಖ್ಯಾತರಾಗಿದ್ದ ಆಗ್ನೇಯ ನೈಜೀರಿಯಾ ಬಯಾಫ್ರಾ ಎಂಬ ಹೆಸರಿನಲ್ಲಿ ಪ್ರತ್ಯೇಕ ದೇಶವೆಂದು ಘೋಷಿಸಿಕೊಂಡಾಗ ಯುದ್ಧ ಶುರುವಾಗಿ ಹಳೆಯ ಸಹಪಾಠಿಗಳು ಇಬ್ಭಾಗವಾದರು. ಒಕಿಗ್ಬೊ ಬಯಾಫ್ರಾದ ಪರವಾಗಿ ಬಂದೂಕು ಹಿಡಿದು, ಯುದ್ಧ ಆರಂಭವಾದ ಕೆಲವೇ ತಿಂಗಳಲ್ಲಿ ನ್ಸುಕ್ಕಾ ಬಳಿ ಮಡಿದರು. ಅಚೆಬೆ ಬಯಾಫ್ರಾದ ಪ್ರತಿನಿಧಿಯಾಗಿ ದೇಶದೇಶ ಸುತ್ತಿದರು. ಇಗ್ಬೊ ಅಲ್ಲದ ಅಲ್ಪಸಂಖ್ಯಾತ ಜನಾಂಗಗಳಿಗೆ ಸೇರಿದ ಅಮಾಡಿ ಮತ್ತು ಸಾರೊ-ವಿವಾ ಫೆಡರಲ್ ಸರ್ಕಾರದ ಕಡೆ ನಿಂತರು: ಅಮಾಡಿ ಬಯಾಫ್ರಾದ ಬಂಧನದಲ್ಲಿದ್ದು ಆಮೇಲೆ ಫೆಡರಲ್ ಸೇನೆಯಲ್ಲಿ ದುಡಿದರು, ಸಾರೊ-ವಿವಾ ಬೋನಿ ಬಂದರಿನ ಆಡಳಿತಾಧಿಕಾರಿಯಾದರು. ಆ ಸಾರೊ-ವಿವಾ ಅವರನ್ನೇ, ಓಗೊನಿ ನೆಲವನ್ನು ಹಾಳುಗೆಡವಿದ ತೈಲೋದ್ಯಮದ ವಿರುದ್ಧ ಹೋರಾಟ ಕಟ್ಟಿದ್ದಕ್ಕಾಗಿ, 1995ರ ನವೆಂಬರ್ 10ರಂದು ನೈಜೀರಿಯಾದ ಸೇನಾ ಸರ್ಕಾರ ಇತರ ಎಂಟು ಮಂದಿಯೊಂದಿಗೆ ಗಲ್ಲಿಗೇರಿಸಿತು. ಶಾಲೆಯ ಧ್ಯೇಯವಾಕ್ಯವನ್ನು ಈ ಬದುಕುಗಳ ಪಕ್ಕದಲ್ಲಿಟ್ಟು ಓದುವುದು ಸುಲಭವಲ್ಲ.

ಶಾಲೆಯೂ ಯುದ್ಧದಿಂದ ಪಾರಾಗಲಿಲ್ಲ. ಎನುಗು ಕೈತಪ್ಪಿದ ಮೇಲೆ ಬಯಾಫ್ರಾದ ರಾಜಧಾನಿ ಉಮುವಾಹಿಯಾಕ್ಕೆ ಬಂದಿತ್ತು. 1969ರ ಏಪ್ರಿಲ್‌ನಲ್ಲಿ ಫೆಡರಲ್ ಸೇನೆ ಆ ಊರನ್ನೂ ವಶಪಡಿಸಿಕೊಂಡಿತು. ಯುದ್ಧಾನಂತರ ಶಾಲೆ ಮತ್ತೆ ನಡೆಯಿತಾದರೂ, ರಾಜ್ಯಗಳು ಮರುವಿಂಗಡಣೆಯಾದಂತೆಲ್ಲ ಅದರ ಒಡೆತನ ಒಂದು ಸರ್ಕಾರದಿಂದ ಇನ್ನೊಂದಕ್ಕೆ ಹೋಗಿ ಕೊನೆಗೆ 1991ರಲ್ಲಿ ರಚನೆಯಾದ ಅಬಿಯಾ ರಾಜ್ಯದ ಪಾಲಾಯಿತು. ಹಣವೂ ಗಮನವೂ ಸಾಲದೆ ಕಟ್ಟಡಗಳು, ಪಾಠಪ್ರವಚನ ಎರಡೂ ಸೊರಗಿದವು. ಇದರಿಂದ ನೊಂದ ಹಳೆಯ ವಿದ್ಯಾರ್ಥಿಗಳು ಬಹುಕಾಲ ಸರ್ಕಾರದ ಬೆನ್ನುಹತ್ತಿ, ಕಳೆದ ದಶಕದಲ್ಲಿ ಶಾಲೆಯ ಆಡಳಿತವನ್ನು ಫಿಶರ್ ಹೆಸರಿನ ತಮ್ಮ ಟ್ರಸ್ಟ್‌ಗೆ ವಹಿಸಿಕೊಂಡರು. ಈಗ ಶಾಲೆಯನ್ನು ನಡೆಸುತ್ತಿರುವುದು ಆ ಟ್ರಸ್ಟ್.