ಕುಗ್ಗಿದ ಥೈಮಸ್‌ಗೆ ಯೌವನದ ಚುಚ್ಚುಮದ್ದೇ?

ಪ್ರಶ್ನೆ: ನನಗೆ 66 ವರ್ಷ. ಮೇಲಿಂದ ಮೇಲೆ ಕೆಮ್ಮು, ನೆಗಡಿ ಬರುತ್ತದೆ. ಥೈಮಸ್ ಗ್ರಂಥಿ ಕುಗ್ಗಿರುವುದೇ ಕಾರಣವೆಂದೂ ಟೆಸ್ಟೋಸ್ಟೆರಾನ್ ಚುಚ್ಚುಮದ್ದಿನಿಂದ ಅದು ಮರಳಿ ಬೆಳೆಯುವುದೆಂದೂ ಪರಿಚಿತರೊಬ್ಬರು ಹೇಳುತ್ತಾರೆ. ಹಾಕಿಸಿಕೊಳ್ಳಲೇ? – ಮಂಡ್ಯದ ಓದುಗರು

ಉತ್ತರ: ಬೇಡ. ಮೈಸೂರಿನ ನನ್ನ ಚಿಕಿತ್ಸಾಲಯಕ್ಕೂ ಈ ಪ್ರಶ್ನೆ ಹೊತ್ತು ಬರುವವರು ಹೆಚ್ಚಿದ್ದಾರೆ. ದನಿ ಗಡುಸಾದರೆ ಮನ್ನಿಸಿ. ರೋಗಾಣುಗಳ ವಿರುದ್ಧ ಹೋರಾಡುವ ಟಿ ಜೀವಕೋಶಗಳನ್ನು ಪಳಗಿಸುವ ಥೈಮಸ್ ಮುಪ್ಪಿಗಾಗಿ ಕಾಯುವುದಿಲ್ಲ. ಬಾಲ್ಯದಲ್ಲೇ ಕುಗ್ಗತೊಡಗಿ, ಹರೆಯದ ನಂತರ ಇನ್ನಷ್ಟು ಸೊರಗಿ, ಕೊಬ್ಬಿಗೆ ಜಾಗ ಬಿಟ್ಟುಕೊಡುತ್ತದೆ. ಹರೆಯದ ಗಂಡುಮಕ್ಕಳಲ್ಲಿ ಏರುವ ಹಾರ್ಮೋನ್ ಯಾವುದೆಂದು ನಿಮ್ಮ ಪರಿಚಿತರು ಯೋಚಿಸಿದ್ದರೆ ಸಾಕಿತ್ತು. ಥೈಮಸ್‌ನ ಪೋಷಕ ಕೋಶಗಳಲ್ಲಿ ಟೆಸ್ಟೋಸ್ಟೆರಾನ್ ಸಂದೇಶ ಹಿಡಿಯುವ ಗ್ರಾಹಕಗಳಿವೆ, ಅಲ್ಲಿ ಅದು ಕೊಡುವ ಸಂದೇಶ ಕುಗ್ಗು ಎಂಬುದೇ. ಟೆಸ್ಟೋಸ್ಟೆರಾನ್ ತಯಾರಿಸುವ ವೃಷಣ ತೆಗೆದ ಇಲಿಗಳಲ್ಲಿ ಗ್ರಂಥಿ ಮತ್ತೆ ಬೆಳೆದದ್ದು ಅದಕ್ಕೇ.

ವಯಸ್ಸಾದಾಗ ಹಾರ್ಮೋನ್ ಇಳಿಯುತ್ತದೆ, ಸುರಿದರೆ ಸರಿಹೋಗುತ್ತದೆ ಎಂಬ ಲೆಕ್ಕವೇ ಅರೆಬರೆ. ನಾಲೆಯಲ್ಲಿ ನೀರು ತುಂಬಿ ಹರಿದರೂ ತೂಬಿನಲ್ಲಿ ಹೂಳು ಕೂತರೆ ಗದ್ದೆ ಒಣಗುವುದನ್ನು ಮಂಡ್ಯದವರಿಗೆ ನಾನು ಹೇಳಿಕೊಡಬೇಕಿಲ್ಲ. ಸ್ನಾಯು ಕರಗಿ ಹೊಟ್ಟೆಯ ಕೊಬ್ಬು ಹೆಚ್ಚಿದಾಗ, ಇನ್ಸುಲಿನ್ ಧಾರಾಳವಾಗಿದ್ದರೂ ಗ್ರಾಹಕದಿಂದ ಕೋಶದೊಳಕ್ಕೆ ಸಾಗುವ ಸಂದೇಶ ಕ್ಷೀಣಿಸುತ್ತದೆ. ಹೃದಯವೂ ಅಷ್ಟೇ, ಅಡ್ರಿನಲಿನ್‌ಗೆ ಮೊದಲಿನಂತೆ ಓಗೊಡುವುದಿಲ್ಲ.

2019ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಬೆಳವಣಿಗೆ ಹಾರ್ಮೋನಿನೊಂದಿಗೆ ಇತರ ಔಷಧಗಳನ್ನು ಪಡೆದವರ ಥೈಮಸ್ ಸುಧಾರಿಸಿದಂತೆ ಕಂಡಿತ್ತು. ಆದರೆ ಅದು ಒಂಬತ್ತೇ ಪುರುಷರ ಮೇಲೆ ನಡೆದದ್ದು, ಹೋಲಿಕೆಗೆ ಬೇರೊಂದು ಗುಂಪೂ ಇರಲಿಲ್ಲ. ಅದನ್ನು ನಂಬಿ ನಾನು ಯಾರಿಗೂ ಸೂಜಿ ಚುಚ್ಚಲಾರೆ.

ನಿಮ್ಮ ಕೆಮ್ಮು ಎರಡು ವಾರ ದಾಟಿದ್ದರೆ ಕಫ ಪರೀಕ್ಷೆ, ಎದೆಯ ಎಕ್ಸ್-ರೇ ಮಾಡಿಸಿ. ಸಕ್ಕರೆ ಪ್ರಮಾಣವನ್ನೂ ನೋಡಿಸಿ. ಫ್ಲೂ ಜ್ವರದ, ನ್ಯುಮೋನಿಯಾದ ಲಸಿಕೆಗಳಿಗೆ ವೃದ್ಧರ ದೇಹ ಸ್ಪಂದಿಸುವುದು ಕಡಿಮೆಯಾದರೂ ಹಾಕಿಸಿಕೊಳ್ಳುವುದೇ ಲೇಸು. ಹೆಸರಿಲ್ಲದ ‘ಶಕ್ತಿಯ ಪುಡಿ’ ತಿನ್ನುತ್ತಿದ್ದರೆ ನಿಮ್ಮ ವೈದ್ಯರಿಗೆ ತೋರಿಸಿ: ಇಂಥವುಗಳಲ್ಲಿ ಸ್ಟಿರಾಯ್ಡ್ ಬೆರೆಸುವವರಿದ್ದಾರೆ, ಸ್ಟಿರಾಯ್ಡ್ ಎಳೆಯ ಟಿ ಕೋಶಗಳನ್ನು ಕೊಲ್ಲುತ್ತದೆ. ಬಹುಕಾಲ ತಿಂದಿದ್ದರೆ ತಾವಾಗಿಯೇ ಥಟ್ಟನೆ ಬಿಡಬೇಡಿ, ಅದೂ ಅಪಾಯ.

ಪ್ರಶ್ನೆ: ಥೈಮಸ್ ಮತ್ತು ಥೈರಾಯ್ಡ್ ಒಂದೇ ಅಲ್ಲವೇ?

ಉತ್ತರ: ಅಲ್ಲ. ಥೈರಾಯ್ಡ್ ಕತ್ತಿನಲ್ಲಿದೆ, ಥೈಮಸ್ ಎದೆಮೂಳೆಯ ಹಿಂದಿದೆ.

ಪ್ರಶ್ನೆ: ಎದೆಯನ್ನು ಬೆರಳಿನಿಂದ ತಟ್ಟಿದರೆ ಥೈಮಸ್ ಎಚ್ಚರಗೊಳ್ಳುವುದೇ?

ಉತ್ತರ: ಬೆರಳು ನೋಯುತ್ತದೆ, ಅಷ್ಟೇ.