ಹಕ್ಕಿ ಪ್ರಶ್ನೋತ್ತರ: ಅಟ್ಟದಲ್ಲಿ ಗೂಬೆ, ದಾರಕ್ಕೆ ಸಿಕ್ಕ ಗರುಡ

ಪ್ರಶ್ನೆ: ನಮ್ಮದು ಹಳೇ ಹೆಂಚಿನ ಮನೆ. ಅಟ್ಟದ ಮೂಲೆಯಲ್ಲಿ ಬಿಳಿ ಮುಖದ ಗೂಬೆ ಮರಿ ಮಾಡಿದೆ. ರಾತ್ರಿಯಿಡೀ ಹಾವು ಬುಸುಗುಟ್ಟಿದಂಥ ಸದ್ದು, ಕೆಳಗೆಲ್ಲ ನಾತ. ಗೂಬೆ ಹೊಕ್ಕ ಮನೆಗೆ ಕೇಡು ಅಂತ ಅತ್ತೆ ಹೆದರಿದ್ದಾರೆ. ಮರಿಗಳನ್ನು ಊರಾಚೆ ಮರಕ್ಕೆ ಬಿಟ್ಟು ಬರಬಹುದೇ?
– ಓದುಗರು, ಶ್ರೀರಂಗಪಟ್ಟಣ ತಾಲ್ಲೂಕು

ಉತ್ತರ: ದಯವಿಟ್ಟು ಬಿಡಬೇಡಿ. ಅದು ಕಣಜ ಗೂಬೆ. ಜಾಗ ಬದಲಿಸಿದರೆ ತಾಯಿ ಹುಡುಕಿಕೊಂಡು ಬರುವುದಿಲ್ಲ, ಬೆಳಗಾದರೆ ಕಾಗೆಗಳು ಮರಿಗಳನ್ನು ಕುಕ್ಕಿ ಹಾಕುತ್ತವೆ. ಕಾಡುಹಕ್ಕಿಯ ಗೂಡು, ಮೊಟ್ಟೆಗೆ ಕೈ ಹಾಕುವುದನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆ ಎಂದೇ ಎಣಿಸುತ್ತದೆ.

ನೀವು ಕಾಯಬೇಕಾದ ಕಾಲ ಹೆಚ್ಚಿಲ್ಲ. ಮೊಟ್ಟೆಯೊಡೆದ ಎಂಟೊಂಬತ್ತು ವಾರಕ್ಕೆ ಮರಿ ಹಾರುತ್ತದೆ. ಮೈತುಂಬ ಬಿಳಿ ತುಪ್ಪುಳವೇ ಇದ್ದರೆ ಇನ್ನೂ ತಿಂಗಳ ಮೇಲೆ ಬೇಕು. ರೆಕ್ಕೆಯಲ್ಲಿ ಹೊಂಬಣ್ಣದ ಗರಿ ತುಂಬಿ, ಮುಖ ದುಂಡಗೆ ಬಿಡಿಸಿಕೊಂಡಿದ್ದರೆ ಎರಡು ಮೂರು ವಾರ ಸಾಕು. ತಾಯಿ ಎರಡು ಮೂರು ದಿನಕ್ಕೊಂದರಂತೆ ಮೊಟ್ಟೆಯಿಟ್ಟು, ಮೊದಲನೆಯದಕ್ಕೇ ಕಾವು ಕೂರುವುದರಿಂದ ಮರಿಗಳು ಒಂದೇ ಅಳತೆಯಲ್ಲಿ ಇರುವುದಿಲ್ಲ. ಎಲ್ಲಕ್ಕಿಂತ ಚಿಕ್ಕದನ್ನು ನೋಡಿ ಲೆಕ್ಕ ಹಾಕಿ. ಬುಸುಗುಟ್ಟುವುದು ಹಸಿದ ಮರಿಗಳ ಕೂಗು.

ನಾತಕ್ಕೆ ಮದ್ದಿದೆ. ಗೂಡಿನ ಕೆಳಗೆ ಹಳೇ ಟಾರ್ಪಾಲು ಹಾಸಿ, ವಾರಕ್ಕೊಮ್ಮೆ ಹಗಲಲ್ಲಿ ಬಾಯಿ ಮೂಗಿಗೆ ಬಟ್ಟೆ ಕಟ್ಟಿಕೊಂಡು, ನೀರು ಚಿಮುಕಿಸಿ ಮಡಚಿ ತೆಗೆಯಿರಿ. ಒಣಗಿದ್ದನ್ನು ಪೊರಕೆಯಲ್ಲಿ ಗುಡಿಸಿದರೆ ದೂಳು ಎದೆಗೆ ಹೋಗುತ್ತದೆ. ಅಲ್ಲಿ ಹೆಬ್ಬೆರಳು ಗಾತ್ರದ ಕಪ್ಪು ಉಂಡೆಗಳು ಸಿಗುತ್ತವೆ, ಅವು ಹಿಕ್ಕೆಯಲ್ಲ. ಅರಗದ ಕೂದಲು, ಮೂಳೆಯನ್ನು ಗೂಬೆ ಬಾಯಿಂದ ಉಗುಳಿದ್ದು. ಒಂದನ್ನು ನೀರಲ್ಲಿ ನೆನೆಸಿ ಕಡ್ಡಿಯಿಂದ ಬಿಡಿಸಿ: ಹಳದಿ ಬಾಚಿಹಲ್ಲಿರುವ ಇಲಿಯ ತಲೆಬುರುಡೆ, ಕೆಲವೊಮ್ಮೆ ಒಂದಕ್ಕಿಂತ ಹೆಚ್ಚು, ಇಡಿಯಾಗಿ ಸಿಗುತ್ತದೆ. ಅತ್ತೆಯವರಿಗೆ ಅದನ್ನೇ ತೋರಿಸಿ. ಹಿರಿಯರ ಭಯವನ್ನು ವಾದ ಮಾಡಿ ಕಳೆಯಲಾಗದು. ಮನೆಯ ಭತ್ತ ಯಾರು ಕಾಯುತ್ತಿದ್ದಾರೆಂದು ಅವರೇ ಕಣ್ಣಾರೆ ನೋಡಲಿ.

ಮರಿ ಹಾರಿದ ಮೇಲೂ ಕೆಲವು ವಾರ ಅಲ್ಲಿಗೇ ಬಂದು ಮಲಗುತ್ತವೆ. ಹಾಗಾಗಿ ಆತುರಪಟ್ಟು ಕಂಡಿ ಮುಚ್ಚಿದರೆ ಒಳಗೆ ಸಿಕ್ಕಿ ಸಾಯುತ್ತವೆ. ನಾಲ್ಕೈದು ದಿನ ಒಂದೂ ಕಾಣದಿದ್ದಾಗ, ರಾತ್ರಿ ಟಾರ್ಚು ಬಿಟ್ಟು ನೋಡಿ, ಅರ್ಧ ಇಂಚಿನ ಕಬ್ಬಿಣದ ಜಾಲರಿ ಬಡಿಯಿರಿ. ಅದಕ್ಕೂ ಮೊದಲೇ ಕೊಟ್ಟಿಗೆಯ ಗೋಡೆಗೆ 12 ಅಡಿ ಎತ್ತರದಲ್ಲಿ ಮರದ ಪೆಟ್ಟಿಗೆ ಕಟ್ಟಿದರೆ ಒಳ್ಳೆಯದು: 2 ಅಡಿ ಉದ್ದ, ಒಂದೂವರೆ ಅಡಿ ಅಗಲ, 2 ಅಡಿ ಎತ್ತರ, ಬಾಗಿಲು 6 ಇಂಚು ಚೌಕ. ಬಾಗಿಲು ತಳದಿಂದ ಒಂದೂಕಾಲು ಅಡಿ ಮೇಲಿರಲಿ, ತಗ್ಗಿದ್ದರೆ ಮರಿ ಹೊರಕ್ಕೆ ಉರುಳುತ್ತದೆ.

ಪ್ರಶ್ನೆ: ಆಷಾಢದಲ್ಲಿ ಗಾಳಿಪಟದ ದಾರ ಸುತ್ತಿಕೊಂಡು ನಮ್ಮ ತಾರಸಿ ಮೇಲೆ ಗರುಡ ಬಿದ್ದರೆ ಮೊದಲು ಏನು ಮಾಡಬೇಕು?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ದಾರ ಎಳೆಯಬೇಡಿ. ನೈಲಾನ್ ಮಾಂಜಾ ಎಳೆದಷ್ಟೂ ರೆಕ್ಕೆಯ ಮಾಂಸಕ್ಕೆ ಇಳಿಯುತ್ತದೆ. ಹಕ್ಕಿಯ ಎರಡೂ ಪಕ್ಕ ಒಂದು ಗೇಣು ಬಿಟ್ಟು ಕತ್ತರಿಸಿ, ಗಾಯದೊಳಗಿನ ದಾರ ಬಿಡಿಸುವುದನ್ನು ಪಶುವೈದ್ಯರಿಗೆ ಬಿಡಿ.

ದಪ್ಪ ಟವೆಲ್ಲನ್ನು ತಲೆಸಮೇತ ಮುಚ್ಚುವಂತೆ ಹಿಂದಿನಿಂದ ಹಾಕಿ. ಕಣ್ಣಿಗೆ ಕತ್ತಲಾದರೆ ಒದ್ದಾಟ ತಗ್ಗುತ್ತದೆ. ಅಂಜಬೇಕಾದ್ದು ಕೊಕ್ಕಿಗಿಂತ ಕಾಲುಗುರಿಗೆ. ರೆಕ್ಕೆ ಮೈಗೆ ಒತ್ತಿದಂತೆ ಹಿಡಿದು, ಕಾಲುಗಳನ್ನು ಟವೆಲ್ಲಿನ ಒಳಗೇ ಇಟ್ಟು ರಟ್ಟಿನ ಪೆಟ್ಟಿಗೆಗೆ ಇಳಿಸಿ. ಎರಡಡಿ ಉದ್ದದ ಪೆಟ್ಟಿಗೆ, ಬುಡದ ಹತ್ತಿರ ಬೆರಳು ಹೋಗುವ ಏಳೆಂಟು ತೂತು, ತಳಕ್ಕೆ ಹಳೇ ಬಟ್ಟೆ ಇದ್ದರಾಯಿತು. ತಂತಿಯ ಪಂಜರ ಬೇಡ: ಬಡಿದಾಡಿ ರೆಕ್ಕೆ, ಬಾಲದ ಗರಿ ಮುರಿದುಕೊಂಡರೆ, ಗಾಯ ವಾಸಿಯಾದರೂ ಹೊಸ ಗರಿ ಬರುವವರೆಗೆ ಬೇಟೆಯಾಡಲಾಗದು.

ನೀರು, ಹಾಲು, ಅನ್ನ ಯಾವುದನ್ನೂ ಬಾಯಿಗೆ ಹಾಕಬೇಡಿ. ಹಕ್ಕಿಯ ಉಸಿರುಕಂಡಿ ನಾಲಿಗೆಯ ಬುಡದಲ್ಲೇ ಇರುವುದರಿಂದ ನೀರು ನೇರ ಶ್ವಾಸಕ್ಕೆ ಇಳಿಯುತ್ತದೆ. ಅರಿಶಿನವನ್ನೂ ಮೆತ್ತಬೇಡಿ. ಪೆಟ್ಟಿಗೆಯನ್ನು ಸದ್ದಿಲ್ಲದ ಕೋಣೆಯಲ್ಲಿಟ್ಟು ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಕಾಡುಹಕ್ಕಿ ಕೈಗೆ ಬಂದರೆ 48 ಗಂಟೆಯೊಳಗೆ ಅರಣ್ಯ ಅಧಿಕಾರಿಗೋ ಪೊಲೀಸ್ ಠಾಣೆಗೋ ತಿಳಿಸಬೇಕೆಂಬುದು ಕಾನೂನು. ಆದರೆ ಗಾಯಗೊಂಡ ಗರುಡ ಅಷ್ಟು ಹೊತ್ತು ಕಾಯುವುದಿಲ್ಲ, ಅಂದೇ ಒಪ್ಪಿಸಿ.

ಪ್ರಶ್ನೆ: ಭತ್ತದ ಗದ್ದೆಗೆ ಇಲಿ ಪಾಷಾಣ ಇಟ್ಟರೆ ಗೂಬೆಗೂ ವಿಷವೇ?
– ರೈತರು, ಮದ್ದೂರು

ಉತ್ತರ: ಹೌದು. ಬ್ರೋಮಾಡಿಯೊಲೋನ್ ಬಿಲ್ಲೆ ತಿಂದ ಇಲಿ ತಕ್ಷಣ ಸಾಯದು. ರಕ್ತ ಹೆಪ್ಪುಗಟ್ಟದೆ ಕೆಲವು ದಿನ ಮಂಕಾಗಿ ಬಯಲಲ್ಲೇ ತೆವಳುತ್ತದೆ, ಗೂಬೆಗೆ ಸುಲಭವಾಗಿ ಸಿಗುವುದೂ ಅದೇ. ವಿಷ ಗೂಬೆಯ ಈಲಿಯಲ್ಲಿ ಕೂಡುತ್ತಾ ಹೋಗುತ್ತದೆ. ಇಡಲೇಬೇಕಿದ್ದರೆ ಬಿಲದೊಳಗೇ ಇಟ್ಟು ಮಣ್ಣು ಮುಚ್ಚಿ, ಸತ್ತ ಇಲಿಗಳನ್ನು ದಿನವೂ ಆರಿಸಿ ಹೂಳಿ. ಅದಕ್ಕಿಂತ ಮೊದಲು ಬದುಗಳನ್ನು ಸಣ್ಣ ಮಾಡಿ. ದಪ್ಪ ಬದುವಿನಲ್ಲೇ ಬಿಲ ಹೆಚ್ಚು. ನಾಟಿಯಾದ ಮೇಲೆ 10 ಅಡಿಯ ಬಿದಿರಿಗೆ ಅಡ್ಡಗೋಲು ಕಟ್ಟಿ ಅಲ್ಲಲ್ಲಿ ನೆಡಿ. ಗೂಬೆ ರಾತ್ರಿ ಅಲ್ಲಿ ಕೂತು ಹೊಂಚುತ್ತದೆ. ತೆನೆ ಹಾಲುಗಟ್ಟುವ ಹೊತ್ತಿಗೆ ಕಿತ್ತುಬಿಡಿ, ಇಲ್ಲವಾದರೆ ಕಾಳು ತಿನ್ನುವ ಹಕ್ಕಿಗಳಿಗೆ ಆಸನವಾಗುತ್ತದೆ.

ಪ್ರಶ್ನೆ: ಬಟ್ಟೆ ಒಣಹಾಕಲು ಹೋದರೆ ಹದ್ದು ತಲೆಗೆ ಎರಗುತ್ತದೆ.
– ಓದುಗರು, ಮಂಡ್ಯ

ಉತ್ತರ: ಹತ್ತಿರದ ಮರದಲ್ಲಿ ಗೂಡಿರಬೇಕು. ಹದ್ದು ಸಾಮಾನ್ಯವಾಗಿ ಹಿಂದಿನಿಂದ ಬರುತ್ತದೆ. ಕೊಡೆ ಹಿಡಿದು ಹೋಗಿ, ಕಲ್ಲು ಬೀಸಬೇಡಿ. ಮರಿ ಹಾರಿದ ಮೇಲೆ ತಾನೇ ನಿಲ್ಲುತ್ತದೆ. ಅಕ್ಕಪಕ್ಕದವರು ತಾರಸಿಯಲ್ಲಿ ಮಾಂಸದ ಚೂರು ಎಸೆಯುವ ಅಭ್ಯಾಸ ಇಟ್ಟುಕೊಂಡಿದ್ದರೆ ಅದನ್ನು ಮೊದಲು ನಿಲ್ಲಿಸಿ.